ಗಂಡನ ರಕ್ತ ಕೂಡಲಿಲ್ಲ

“ನಿಂದೂ ತೇಲ್ತು. ಆ ಬದಿ ನಿಂತ್ಕೋ ಅಮ್ಮಾ,” ಅಂದ ಲ್ಯಾಬಿನವನು.

ತಿಮ್ಮು ಚುಚ್ಚಿಸಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು ನಮ್ಮ ಸಾಲಿಗೆ ಬಂದು ನಿಂತಳು. ಮೇಜಿನ ಮೇಲೆ ಗಾಜಿನ ಲೋಟ. ಅದರಲ್ಲಿ ಮೈಲುತುತ್ತದ ನೀಲಿ ನೀರು. ಬೆರಳಿನಿಂದ ತೆಗೆದ ಒಂದು ಹನಿ ರಕ್ತವನ್ನು ಅದಕ್ಕೆ ಬಿಡುತ್ತಾರೆ. ರಕ್ತ ಗಟ್ಟಿಯಿದ್ದರೆ ಹನಿ ಮುಳುಗುತ್ತದೆ. ತೆಳುವಾಗಿದ್ದರೆ ಮೇಲೆಯೇ ನಿಲ್ಲುತ್ತದೆ. ಮುಳುಗಿದವರದು ತೆಗೆದುಕೊಳ್ಳುತ್ತಾರೆ, ತೇಲಿದವರನ್ನು ಬದಿಗೆ ನಿಲ್ಲಿಸುತ್ತಾರೆ. ಅವರ್ಸಾದಿಂದ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಬಂದಿದ್ದ ಮೀನು ಮಾರುವ ಹೆಂಗಸರು ನಾವೆಲ್ಲ ಬದಿಗೇ ನಿಂತಿದ್ದೆವು. ಒಬ್ಬಳದೂ ಮುಳುಗಿರಲಿಲ್ಲ.

“ನಮ್ ರಕ್ತಕ್ಕೂ ಈಜು ಬರ್ತದೆ ಮಾರಾಯಾ, ಎಂತ ಮಾಡೂದು? ಕಡಲ ಜಾತಿ ಅಲ್ದಾ?” ಅಂದಳು ತಿಮ್ಮು.

ನಾವು ನಕ್ಕೆವು. ಲ್ಯಾಬಿನವನೂ ನಕ್ಕ. ನಕ್ಕು, “ದಿನಾ ಮೀನು ತಿನ್ನೋರಿಗೆ ರಕ್ತ ಇಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ?” ಅಂದ.

“ಮೀನು ಬುಟ್ಟೀಲಿ ಇರ್ತದೆ ಸಾರ್. ತಿನ್ನೂದು ಗಿರಾಕಿ,” ಅಂದೆ ನಾನು.

ಅವನಿಗೆ ಅದು ತಮಾಷೆಯಾಗಿ ಕೇಳಿಸಿತು. ತಮಾಷೆಯಲ್ಲ. ಬೆಳಕು ಹರಿಯುವ ಮೊದಲು ಬೋಟು ಬಂದು ನಿಲ್ಲುವ ದಕ್ಕೆಯಲ್ಲಿರಬೇಕು. ಹರಾಜಿನಲ್ಲಿ ಮೀನು ಹಿಡಿದು, ತೊಳೆದು, ಬುಟ್ಟಿ ತುಂಬಿ ತಲೆಗೇರಿಸಬೇಕು. ಐಸಿನ ನೀರು ಕುತ್ತಿಗೆಯಿಂದ ಬೆನ್ನಿಗಿಳಿದು ಸೊಂಟದ ತನಕ ಹರಿಯುತ್ತದೆ. ಊರೂರು ನಡೆಯಬೇಕು. ಮನೆಗೆ ಬಂದರೆ ಒಲೆ. ಗಂಡಸರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರು ನಮ್ಮದು. ನಮ್ಮೆಲ್ಲರ ನೆತ್ತಿಯ ನಡುವೆ ಬುಟ್ಟಿಯ ಕೆಳಗಿನ ಸಿಂಬಿ ಕೂತು ಕೂತು ಕೂದಲಿಲ್ಲದ ಒಂದು ಬೋಳು ಜಾಗವಿದೆ. ಸೆರಗು ಹೊದ್ದರೆ ಕಾಣಿಸುವುದಿಲ್ಲ.

ಒಳಗೆ ಹೆಂಗಸರ ವಾರ್ಡಿನಲ್ಲಿ ಚಂಪಿ ಮಲಗಿದ್ದಳು. ಚಂಪಾ ಅಂತ ಹೆಸರು. ನಮ್ಮ ಕೇರಿಯವಳು, ಕುಪ್ಪನ ಹೆಂಡತಿ. ಗರ್ಭಕೋಶದಲ್ಲಿ ಗಡ್ಡೆ. ತಿಂಗಳುಗಟ್ಟಲೆ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳದೆ ಸೀರೆ ಹರಿದು ಕಟ್ಟಿಕೊಂಡು ಬುಟ್ಟಿ ಹೊರುತ್ತಿದ್ದಳು. ಹಿಂದಿನ ದಿನ ಅಂಕೋಲೆಯ ಮೀನುಪೇಟೆಯಲ್ಲಿ ರಕ್ತ ಕಾಲಿಗಿಳಿದು ಪಾದದ ತನಕ ಬಂದಿದೆ. ಮೀನುಪೇಟೆಯ ನೆಲ ಯಾವಾಗಲೂ ಕೆಂಪೇ. ಪಕ್ಕದಲ್ಲೇ ಕೂತಿದ್ದ ನಮಗೂ ಗೊತ್ತಾಗಲಿಲ್ಲ. ಅವಳು ಮಗುಚಿ ಬಿದ್ದ ಮೇಲೆ ಗೊತ್ತಾಯಿತು. ಐಸು ಸಾಗಿಸುವ ಟೆಂಪೋದಲ್ಲಿ ಹಾಕಿಕೊಂಡು ಕಾರವಾರಕ್ಕೆ ತಂದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಾತು: “ನನ್ ಬುಟ್ಟಿ ಯಾರ್ ನೋಡ್ತ್ರು?”

ಗರ್ಭಕೋಶ ತೆಗೆಯಬೇಕು, ಅದಕ್ಕೆ ಮೊದಲು ರಕ್ತ ಕೊಡಬೇಕು, ಈಗಿರುವ ರಕ್ತದಲ್ಲಿ ಚಾಕು ಹಾಕಿದರೆ ಮೇಜಿನ ಮೇಲೇ ಹೋಗುತ್ತಾಳೆ ಅಂದರು ಡಾಕ್ಟರು. ರಕ್ತ ಬೇಕಾದರೆ ನಿಮ್ಮ ಕಡೆಯವರು ರಕ್ತ ಕೊಡಬೇಕು ಅಂದರು. ಅದಕ್ಕೇ ನಾವು ಬಂದದ್ದು.

“ಹೆದ್ರಬೇಡಿ. ಓ ಪಾಸಿಟಿವ್. ಎಲ್ಲ ಕಡೆ ಸಿಗೋ ಗುಂಪು,” ಅಂದಿದ್ದಳು ನರ್ಸು ರಂಜನಾ. ಚಿಕ್ಕ ಹುಡುಗಿ. ನಮ್ಮನ್ನು ‘ನೀವು’ ಅನ್ನುವವಳು ಆ ಕಟ್ಟಡದಲ್ಲಿ ಅವಳೊಬ್ಬಳೇ.

ಅದು ೨೦೦೫ರ ಮಳೆಗಾಲ. ಯಂತ್ರದ ಬೋಟುಗಳನ್ನು ದಡಕ್ಕೆಳೆದು ತಾಳೆಗರಿ ಮುಚ್ಚಿದ್ದರು. ಕಡಲಿಗಿಳಿಯದ ಬಂದಿನ ತಿಂಗಳು. ಗಂಡಸರಿಗೆ ಇಸ್ಪೀಟು, ನಿದ್ದೆ. ನಮಗೆ ಹೊಳೆಮೀನು, ಒಣಮೀನು. ಕುಪ್ಪ ಮತ್ತು ಮಗ ರೋಷನ ಎರಡನೇ ಬಸ್ಸಿಗೆ ಬಂದರು. ರೋಷನನಿಗೆ ಇಪ್ಪತ್ತು ತುಂಬಿತ್ತು, ಅಪ್ಪನ ಬೋಟಿನಲ್ಲೇ ಬಲೆ ಎಳೆಯುತ್ತಿದ್ದ. ಜೊತೆಗೆ ಕುಪ್ಪನ ಅವ್ವಿ ಹೊನ್ನಕ್ಕ. ಮಗಳು ಚಂದನಾಳನ್ನು ಮನೆಗೆ ಕಾವಲಿಟ್ಟು ಬಂದಿದ್ದರು.

ಕುಪ್ಪನ ಹನಿ ಕಲ್ಲು ಬಿದ್ದ ಹಾಗೆ ತಳಕ್ಕೆ ಹೋಯಿತು. ರೋಷನನದೂ ಹಾಗೆಯೇ. ಇಬ್ಬರದೂ ಓ ಪಾಸಿಟಿವ್. ಕುಪ್ಪ ಎದೆಯುಬ್ಬಿಸಿ ನಮ್ಮ ಸಾಲಿನ ಕಡೆ ನೋಡಿದ.

“ನೀವೆಲ್ಲ ಎಂತಕೆ ಬಂದ್ರಿ? ಗಂಡ ನಾನಿದ್ದೆ. ನನ್ ಹೆಣ್ತಿಗೆ ನನ್ ರಕ್ತ. ಮತ್ತೊಬ್ರದ್ದು ಬೇಡ,” ಅಂದ.

“ಈಗಾದ್ರೂ ಏನಾರೂ ಕೊಡೂ ಮನಸಾಯ್ತಲ್ಲ ನಿಂಗೆ,” ಅಂದಳು ತಿಮ್ಮು. ಹೊನ್ನಕ್ಕನೂ ನಕ್ಕಳು. ನಾವು ಹೊರಗೆ ಹೋಗಿ ಚಹಾ ಕುಡಿದೆವು. ಇನ್ನೇನು, ಆಯಿತು ಅಂದುಕೊಂಡೆವು.

ಚಹಾ ಕುಡಿದು ಬಂದಾಗ ಲ್ಯಾಬಿನವನು ಬಾಗಿಲಲ್ಲಿ ನಿಂತಿದ್ದ. ಮೊಗಸಾಲೆಯ ತುಂಬ ಜನ. ಕೈಯಲ್ಲಿ ಚೀಟಿ ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು, ಎಲೆ ಅಡಿಕೆ ಜಗಿಯುವವರು. ಅವರೆಲ್ಲರ ತಲೆಯ ಮೇಲಿಂದ ಅವನು ಕೂಗಿದ:

“ಚಂಪಾ ಕಡೆಯವರು ಯಾರ್ರೀ? ಗಂಡಂದು ಆಗೋದಿಲ್ಲ! ಮಗಂದೂ ಆಗೋದಿಲ್ಲ!”

“ಒಂದೇ ಗುಂಪು ಅಂದ್ರಲ್ಲ?” ಅಂದ ಕುಪ್ಪ.

“ಗುಂಪು ಒಂದೇ. ಕೂಡೋದಿಲ್ಲ. ಅವಳದಕ್ಕೆ ನಿಮ್ದು ಸೇರಿಸಿದ್ರೆ ಒಡೆದ ಹಾಲಿನ ಹಾಗೆ ಗಂಟು ಗಂಟಾಗ್ತದೆ.”

ಇಷ್ಟು ಎಲ್ಲರಿಗೂ ಕೇಳಿತು. ಆಮೇಲೆ ಬಾಗಿಲು ಹಾಕಿಕೊಳ್ಳುತ್ತ ಅವನು ಇನ್ನೂ ಒಂದು ಮಾತು ಹೇಳಿದ. ಕೈಗಾ ಅಣುಸ್ಥಾವರದ ನೌಕರರು ಹೋದ ವಾರ ಬಸ್ಸಿನಲ್ಲಿ ಬಂದು ಕೊಟ್ಟುಹೋದ ಬಾಟ್ಲಿಗಳೂ ಫ್ರಿಜ್ಜಿನಲ್ಲಿವೆ, ಅವೂ ಒಂದೂ ಕೂಡಲಿಲ್ಲ ಅಂದ. ಅದು ಹತ್ತಿರ ನಿಂತಿದ್ದ ನನಗೊಬ್ಬಳಿಗೆ ಕೇಳಿತು. ಆ ಮಾತನ್ನು ಮೊದಲು ಹೇಳಿದ್ದರೆ! ಅದನ್ನೇ ಕೂಗಿ ಹೇಳಿದ್ದರೆ!

ಹೊನ್ನಕ್ಕ ಬೆಂಚಿನ ಮೇಲೆ ಎಲೆ ಜಗಿಯುತ್ತಿದ್ದಳು. ದವಡೆ ನಿಂತಿತು.

“ಗಂಡನ ರಕ್ತ ಹೆಣ್ತಿಗೆ ಕೂಡೂದಿಲ್ಲ,” ಅಂದಳು ಮೆಲ್ಲಗೆ. “ಹೆತ್ತ ಮಗಂದು ಹೆತ್ತವ್ಳಿಗೆ ಕೂಡೂದಿಲ್ಲ.” ಎಲೆಯನ್ನು ಕೆನ್ನೆಯ ಒಂದು ಬದಿಗೆ ಒತ್ತಿಕೊಂಡಳು. “ಅಂದ್ರೆ ಎಂತ?”

ಬೆಂಚಿನ ಆ ತುದಿಯಲ್ಲಿ ಕೂತಿದ್ದ ಯಾವನೋ ಪರವೂರಿನವನು ಮೂಗಿನಲ್ಲಿ ನಕ್ಕ. ಅಷ್ಟೇ. ಆ ನಗೆ ಕುಪ್ಪನ ಮುಖಕ್ಕೆ ಬಡಿದದ್ದನ್ನು ನಾನು ಕಣ್ಣಾರೆ ಕಂಡೆ. ಅವನು ರೋಷನನ ಕಡೆ ತಿರುಗಿದ. ಮಗನ ಮೂಗು ನೋಡಿದ, ಕಿವಿ ನೋಡಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನೋಡುವವನ ಹಾಗೆ ನೋಡಿದ. ರೋಷನ ತಲೆ ತಗ್ಗಿಸಿದ.

ನಾನು ಡಾಕ್ಟರ ಕೋಣೆಗೆ ಹೋದೆ. ಒಳಗೆ ಹೋಗಲು ಯಾರೂ ಹೇಳಿರಲಿಲ್ಲ.

“ಎಷ್ಟು ಹೆರಿಗೆ ಅವಳಿಗೆ?” ಅಂತ ಕೇಳಿದರು ಡಾಕ್ಟರು, ತಲೆಯೆತ್ತದೆ.

“ಮೂರು. ರೋಷ, ಚಂದನಾ. ಮೂರನೇದು ಅರಿಸಿನದ ಹಾಗೆ ಹಳದಿಯಾಗಿ ಹುಟ್ಟಿತ್ತು. ಉಳೀಲಿಲ್ಲ.”

“ಅದೇ ಮತ್ತೆ,” ಅಂದರು. ಪೆನ್ನು ಕೆಳಗಿಟ್ಟು ಹೇಳಿದರು. ಒಳ್ಳೆಯದಾಗಿಯೇ ಹೇಳಿದರು, ಸುಳ್ಳು ಯಾಕೆ ಹೇಳಲಿ. “ಗುಂಪು ಒಂದೇ ಇದ್ರೂ ರಕ್ತದಲ್ಲಿ ಇನ್ನೂ ಸಣ್ಣ ಸಣ್ಣ ಗುರುತು ಇರ್ತವೆ. ಮಗುವಿಗೆ ಅಪ್ಪನ ಗುರುತು ಬರ್ತದೆ. ಹೆರಿಗೆ ಹೊತ್ತಿಗೆ ಮಗುವಿನ ರಕ್ತ ಸ್ವಲ್ಪ ತಾಯಿ ಮೈಗೆ ಸೇರ್ತದೆ. ತಾಯಿ ಮೈ ಅದನ್ನ ಹೊರಗಿಂದು ಅಂತ ತಿಳ್ಕೊಂಡು ಕಾವಲು ಕಟ್ತದೆ. ಒಮ್ಮೆ ಕಟ್ಟಿದ್ದು ಹೋಗೋದಿಲ್ಲ. ಆ ಕಾವಲೇ ಮೂರನೇ ಮಗುವಿನ ರಕ್ತ ಒಡೆದದ್ದು. ಈಗ ಗಂಡಂದು ಹಾಕಿದ್ರೆ ಅದನ್ನೂ ಒಡೀತದೆ. ಅವಳ ಮೂತ್ರಪಿಂಡ ಹೋಗ್ತದೆ. ಅವಳೂ ಹೋಗ್ತಾಳೆ. ಆ ಗುರುತು ಇಲ್ಲದವರದೇ ಬೇಕು. ಒಡಹುಟ್ಟಿದವರು ಇದ್ದಾರಾ?”

“ಒಬ್ಳೇ ತಂಗಿ ಇದ್ಲು. ಹೆರಿಗೇಲಿ ಹೋದ್ಲು.”

“ಹಾಗಾದ್ರೆ ಓ ಪಾಸಿಟಿವ್‌ನವರು ಎಷ್ಟು ಜನ ಸಿಗ್ತಾರೋ ಕರ್ಕೊಂಡು ಬಾ. ಒಬ್ಬೊಬ್ಬರದೇ ಕೂಡಿಸಿ ನೋಡಬೇಕು. ಹುಡುಕೋದು ಕಷ್ಟ.”

“ಸಾರ್, ಹಾಗಾರೆ ಅವ್ನ ಮಕ್ಳನ್ನ ಹೊತ್ತದ್ದಕ್ಕೇ ಅವ್ನ ರಕ್ತ ಕೂಡೂದಿಲ್ಲ. ಹೌದಾ?”

“ಹೌದು.”

“ಆ ಮಾತು ಒಂದ್ಸಲ ಹೊರಗೆ ಬಂದು ಹೇಳಿ ಸಾರ್. ನೀವೇ ಹೇಳಿ. ಅವ್ರೆಲ್ಲ ಬೇರೇನೋ ತಿಳ್ಕಂಡ್ರು.”

ಅವರು ಗೋಡೆಯ ಗಡಿಯಾರ ನೋಡಿದರು. “ಅವರಿಗೆಲ್ಲ ಇದು ತಿಳಿಯೋದಿಲ್ಲಮ್ಮ.”

“ನಂಗೆ ತಿಳೀತಲ್ಲ?”

“ನಂಗೆ ವಾರ್ಡು ತುಂಬ ಪೇಶೆಂಟ್ ಇದ್ದಾರೆ,” ಅಂದರು. ಪೆನ್ನು ಎತ್ತಿಕೊಂಡರು.

ಅಲ್ಲಿಂದ ಬೆಂಚಿಗೆ ಹತ್ತು ಮಾರು ದೂರವಿರಲಿಲ್ಲ. ಅವರು ಏಳಲಿಲ್ಲ. ಚಂಪಿಯ ಕಥೆ ಬರೆಯಲು ಕೂತಾಗಲೆಲ್ಲ ನನಗೆ ಕುಪ್ಪನ ಮೇಲೆ ಬರುವ ಸಿಟ್ಟಿಗಿಂತ ಆ ಕುರ್ಚಿಯ ಮೇಲೆ ಬರುವ ಸಿಟ್ಟು ದೊಡ್ಡದು. ನಮ್ಮ ಮೈ ಕೊಯ್ಯಲು ಅವರಿಗೆ ಗೊತ್ತು. ನಮ್ಮ ಮೈಯ ಸುದ್ದಿ ನಮಗೆ ಹೇಳಲು ಹೊತ್ತಿಲ್ಲ.

ನಾನೇ ಹೊರಗೆ ಬಂದು ಹೇಳಿದೆ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಹೊನ್ನಕ್ಕ ಎಲೆಯ ರಸ ಉಗುಳಿ ಬಂದು, “ನೀ ಯಾವಾಗ ಡಾಕ್ಟರ್ ಆದೆ ರುಕ್ಮಿಣೀ? ನಿನ್ನೆ ತನಕ ಬಂಗಡೆ ಮಾರ್ತಿದ್ದೆ,” ಅಂದಳು.

“ಖರೆ ಹೇಳ್ತೆ ಹೊನ್ನಕ್ಕಾ. ಡಾಕ್ಟರೇ ಹೇಳಿದ್ದು.”

“ಹಾಗಾರೆ ಅಂವ ಬಂದು ಹೇಳ್ಲಿ. ಎಲ್ಲಿದ್ದ ಅಂವ?”

ನಾನು ಡಾಕ್ಟರ ಕೋಣೆಯ ಬಾಗಿಲ ಕಡೆ ನೋಡಿದೆ.

ತಿಮ್ಮು ಅಷ್ಟರಲ್ಲಿ ಕಾಯಿನ್ ಬೂತಿನಿಂದ ಅಗಸೂರಿನ ಅಂಗಡಿಗೆ ಫೋನ್ ಮಾಡಿದ್ದಳು. ಅಗಸೂರು ಚಂಪಿಯ ಬದಿ. ನಮ್ಮ ಪ್ರತಿಯೊಬ್ಬಳಿಗೂ ಒಂದೊಂದು ಬದಿಯಿದೆ, ಅಲ್ಲಿ ವಾಡಿಕೆ ಮನೆಗಳಿವೆ. ಮಳೆಗಾಲದಲ್ಲಿ ಆ ಮನೆಗಳಿಗೆ ಮೀನು ಹಾಕುತ್ತೇವೆ. ಸುಗ್ಗಿಯಲ್ಲಿ ಅವರು ಭತ್ತ ಅಳೆದು ಕೊಡುತ್ತಾರೆ. ನಡುವೆ ಯಾರೂ ಏನೂ ಕೇಳುವುದಿಲ್ಲ. ಅತ್ತೆಯ ವಾಡಿಕೆ ಮನೆ ಸೊಸೆಗೆ ಬರುತ್ತದೆ. ಅಗಸೂರಿನದು ಚಂಪಿಗೆ ಹೊನ್ನಕ್ಕನಿಂದಲೇ ಬಂದದ್ದು. ಕಷ್ಟಕ್ಕೆ ಆ ಮನೆಯವರನ್ನು ಕರೆಯುವುದು ನಮ್ಮಲ್ಲಿ ಹೊಸದಲ್ಲ. ಮದುವೆಗೆ ತೆಂಗಿನಕಾಯಿ ಬೇಕಾದರೂ ಅವರೇ, ಮನೆ ಬಿದ್ದರೆ ಸೋಗೆ ಬೇಕಾದರೂ ಅವರೇ. ರಕ್ತಕ್ಕೂ ಕರೆಯಬಹುದು ಅಂತ ತಿಮ್ಮುವಿಗೆ ತೋಚಿತು. ಬೇರೆ ಯಾರಿಗೆ ತೋಚುತ್ತದೆ ಅದು? ಮೀನು ಮಾರುವ ನಮಗೇ ತೋಚಬೇಕು.

ಮಧ್ಯಾಹ್ನದ ಬಸ್ಸಿಗೆ ಅಗಸೂರಿನಿಂದ ಮೂವರು ಬಂದರು. ನಾಟಿ ನಡೆಯುತ್ತಿತ್ತು. ಗದ್ದೆಯಿಂದ ಎದ್ದು ಬಂದಿದ್ದರು. ಮೀನಖಂಡಕ್ಕೆ ಕೆಸರು ಒಣಗಿ ಹತ್ತಿತ್ತು. ಅವರಲ್ಲಿ ಹಿರಿಯ ಬೊಮ್ಮಯ್ಯ. ಒಕ್ಕಲ ಮನುಷ್ಯ, ಐವತ್ತರ ಹತ್ತಿರ. ಮಾತು ಕಡಿಮೆ.

“ಸುಕ್ರಿ ಕಳಿಸ್ತು,” ಅಂದ ನನಗೆ. ಸುಕ್ರಿ ಅಂದರೆ ಅವನ ಹೆಂಡತಿ. “ಚಂಪಕ್ಕಂಗೆ ಹೀಗಂತೆ, ಸಸಿ ಅಲ್ಲೇ ಬಿಟ್ಟು ಹೋಗು ಅಂತು. ಎಲ್ಲಿ ಕೂರೂದು? ತಕಣಿ ಎಷ್ಟು ಬೇಕೋ ಅಷ್ಟು.”

ಮೂವರಲ್ಲಿ ಒಬ್ಬನದು ಬೇರೆ ಗುಂಪು. ಇನ್ನೊಬ್ಬನದು ಕೂಡಲಿಲ್ಲ. ಬೊಮ್ಮಯ್ಯನದು ಮುಳುಗಿತು, ಓ ಪಾಸಿಟಿವ್ ಬಂತು. ಕೂಡಿಸಿ ನೋಡುವುದಕ್ಕೆ ಒಳಗೆ ಒಯ್ದರು. ನಾವು ಕಾದೆವು. ಹೊರಗೆ ಮಳೆ ಹಿಡಿದಿತ್ತು. ಚಂಪಿಯ ಹಾಸಿಗೆಯ ಬಟ್ಟೆಯನ್ನು ಆಯಾ ಮತ್ತೊಮ್ಮೆ ಬದಲಿಸಿ, “ಇನ್ ನನ್ ಹತ್ರ ಬಟ್ಟೆ ಇಲ್ಲ, ನಿಮ್ ಸೀರೆ ಕೊಡಿ,” ಅಂದಳು. ತಿಮ್ಮು ಚೀಲದಿಂದ ಹಳೆ ಸೀರೆ ತೆಗೆದು ಕೊಟ್ಟಳು.

ಆಗ ರಂಜನಾ ಲ್ಯಾಬಿನಿಂದ ಓಡಿ ಬಂದಳು. ಮುಖವೆಲ್ಲ ಬೆಳಕು.

“ಸಿಕ್ತು! ಅಗಸೂರಿನವರದ್ದು ಕೂಡ್ತು! ಬೊಮ್ಮಯ್ಯ ಅಂತ ಯಾರು? ಅವರದ್ದು ಕೂಡ್ತು!”

ಪಾಪದ ಹುಡುಗಿ. ಸಂತೋಷ ತಡೆಯಲಾರದೆ ಕೂಗಿದಳು. ಅವಳ ದನಿ ಮೊಗಸಾಲೆಯ ಆ ತುದಿಯ ತನಕ ಹೋಯಿತು. ಕುಪ್ಪ ಬೆಂಚಿನಿಂದ ಎದ್ದ.

ಬೊಮ್ಮಯ್ಯ ರಕ್ತ ಕೊಟ್ಟು, ಮೊಣಕೈಗೆ ಹತ್ತಿ ಒತ್ತಿಕೊಂಡು ತೋಳು ಮಡಚಿ ಹೊರಗೆ ಬಂದ. ಎದುರಿಗೆ ಕುಪ್ಪ ನಿಂತಿದ್ದ.

“ಎಷ್ಟು ವರ್ಷದಿಂದ?” ಅಂದ ಕುಪ್ಪ.

ಬೊಮ್ಮಯ್ಯನಿಗೆ ತಿಳಿಯಲಿಲ್ಲ. “ಮೀನಾ? ಹೊನ್ನಕ್ಕನ ಕಾಲದಿಂದ್ಲೂ ತಕಂತೇವಲ್ಲ.”

“ನನ್ ಹೆಣ್ತಿ ಎಷ್ಟು ವರ್ಷದಿಂದ ಅಂತ ಕೇಳಿದ್ದು.”

ಈಗ ತಿಳಿಯಿತು. ಅವನ ಮುಖ ಮಣ್ಣಾಯಿತು. ಕುಪ್ಪ ಅವನ ಹೆಗಲ ಮೇಲಿನ ಪಂಜಿ ಬಟ್ಟೆ ಎಳೆದು ನೆಲಕ್ಕೆ ಬಿಸಾಡಿದ. ಬೊಮ್ಮಯ್ಯ ಕೈ ಎತ್ತಲಿಲ್ಲ. ಎತ್ತಿದರೆ ಹತ್ತಿ ಬೀಳುತ್ತಿತ್ತು. ಬಗ್ಗಿ ಪಂಜಿ ತೆಗೆದುಕೊಂಡ. ಬಗ್ಗುವಾಗ ತಲೆ ತಿರುಗಿ ಗೋಡೆ ಹಿಡಿದ. ರಕ್ತ ಕೊಟ್ಟವರಿಗೆ ಒಂದು ಲೋಟ ಚಹಾ, ಎರಡು ಬಿಸ್ಕೀಟು ಕೊಡುತ್ತಾರೆ. ಅವನು ಅದನ್ನೂ ಕುಡಿದಿರಲಿಲ್ಲ.

ನಾನು ಗೇಟಿನ ತನಕ ಹೋದೆ. “ಬೊಮ್ಮಯ್ಯಾ, ತಪ್ಪು ತಿಳೀಬೇಡ. ಅಂವಗೆ ತಲೆ ಸರಿ ಇಲ್ಲ ಇವತ್ತು,” ಅಂದೆ.

“ಸುಕ್ರಿ ಕೇಳಿದ್ರೆ ಎಂತ ಹೇಳ್ಲಿ ರುಕ್ಮಕ್ಕಾ?” ಅಂದ. ಪಂಜಿಯನ್ನು ತಲೆಗೆ ಹಾಕಿಕೊಂಡ. “ಚಂಪಕ್ಕಂಗೆ ಹೇಳಿ. ಇನ್ ಮೀನು ತಕಂಡು ನಮ್ ಬದಿ ಬರೂದು ಬ್ಯಾಡ. ನಮಗೇನಿಲ್ಲ. ಅದಕ್ಕೇ ತೊಂದ್ರೆ.”

ಹೀಗೆ ಒಂದು ಬಾಟ್ಲಿ ರಕ್ತ ಬಂತು. ಹೊನ್ನಕ್ಕ ಕಟ್ಟಿದ್ದ ಬದಿ ಹೋಯಿತು.

ಒಳಗೆ ಬಂದಾಗ ಎಲ್ಲರೂ ಚಂಪಿಯ ಮಂಚದ ಸುತ್ತ ನಿಂತಿದ್ದರು. ರಂಜನಾಳ ಕೈಯಲ್ಲಿ ಕಾಗದ. ರಕ್ತ ಹಾಕಲು ಒಪ್ಪಿಗೆ ಇದೆ ಅಂತ ಗಂಡ ಸಹಿ ಹಾಕಬೇಕು ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಕುಪ್ಪ ಕೈ ಕಟ್ಟಿಕೊಂಡಿದ್ದ.

ಚಂಪಿ ಬೆಳ್ಳಗಾಗಿದ್ದಳು. ತುಟಿ ಯಾವುದು, ಕೆನ್ನೆ ಯಾವುದು ಗೊತ್ತಾಗುತ್ತಿರಲಿಲ್ಲ. ಉಸಿರು ಸಣ್ಣ ಸಣ್ಣಗೆ ಬರುತ್ತಿತ್ತು. ಆದರೆ ಹೊರಗೆ ನಡೆದದ್ದೆಲ್ಲ ಅವಳಿಗೆ ಗೊತ್ತಾಗಿತ್ತು. ಆ ವಾರ್ಡಿಗೆ ಬಾಗಿಲಿರಲಿಲ್ಲ, ಪರದೆ ಅಷ್ಟೇ.

ಹೊನ್ನಕ್ಕ ಮಂಚದ ಅಂಚಿಗೆ ಕೂತಳು. ಸಿಟ್ಟಿನಲ್ಲಿ ಮಾತಾಡಲಿಲ್ಲ. ಸಮಾಧಾನ ಮಾಡುವವಳ ಹಾಗೆ ಮಾತಾಡಿದಳು.

“ನೋಡು ಹೆಣ್ಣೇ. ಯಾರೂ ನಿನ್ನ ಹೊಡೂಕೆ ಬರ್ಲಿಲ್ಲ. ರೋಷನ ತಲೆ ಮೇಲೆ ಕೈ ಇಡು. ಅಗಸೂರಲ್ಲಿ ನಂಗೆ ಯಾರೂ ಇಲ್ಲ, ಮಕ್ಳು ಗಂಡಂದೇ ಅಂತ ಆಣೆ ಹಾಕು. ಇಷ್ಟು ಜನ ಕೇಳ್ಲಿ. ಅಂವ ಈಗ್ಲೇ ಸಹಿ ಹಾಕ್ತ. ಒಂದು ಮಾತು. ಎಂತ ಹೋಗ್ತದೆ?”

ಚಂಪಿ ಕಣ್ಣು ಮುಚ್ಚಿದಳು.

“ನಾ ಹಾಕ್ಲಿಲ್ವಾ?” ಅಂದಳು ಹೊನ್ನಕ್ಕ. “ನಿನ್ ಮಾವ ರತ್ನಾಗಿರಿ ಬದಿ ಮೀನಿಗೆ ಹೋಗಿ ಬಂದಾಗ ನನ್ ಮ್ಯಾಲೆ ಯಾರೋ ಏನೋ ಹೇಳಿದ್ರು. ಒದ್ದೆ ಸೀರೇಲಿ ದೇವಸ್ಥಾನದ ಬಾಗ್ಲಲ್ಲಿ ನಿಂತೆ. ಕೇರಿಯೆಲ್ಲ ನೋಡ್ತು. ಕುಪ್ಪ ಹೊಟ್ಟೇಲಿದ್ದ. ಆಣೆ ಹಾಕಿದೆ. ಸತ್ತು ಹೋದೆನಾ ನಾನು?”

ಹೊನ್ನಕ್ಕನ ಆ ಕಥೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕುಪ್ಪನಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಅವನು ಅವ್ವಿಯ ಮುಖ ನೋಡಿದ. ಆಮೇಲೆ ಬೇರೆ ಕಡೆ ನೋಡಿದ.

ಚಂಪಿ ಕಣ್ಣು ತೆರೆದಳು.

“ನಾ ಹಾಕೂದಿಲ್ಲ ಅತ್ತೆ.”

“ಎಂತಕೆ?”

“ಬುಟ್ಟಿ ಹೊತ್ತೆ. ಮ್ಯಾಲೆ ಬುಟ್ಟಿ, ಒಳಗೆ ಇವ್ನ ಮಕ್ಳು. ಮೂರು ಸಲ. ಹೆರೂ ದಿನದ ತನಕ ಹೊತ್ತೆ.” ನಡುನಡುವೆ ಉಸಿರು ತೆಗೆದುಕೊಳ್ಳುತ್ತಿದ್ದಳು. “ಅದ್ರ ಮ್ಯಾಲೆ ಇನ್ನೊಂದು ಆಣೆ ಇಲ್ಲ.”

“ಹಾಗಾರೆ ನೀ ಸಾಯ್ತೆ,” ಅಂದ ಕುಪ್ಪ.

“ಸಾಯ್ತೆ.”

ಆಗ ರೋಷನ ಮುಂದೆ ಬಂದ. ಮೊಣಕಾಲೂರಿ ಮಂಚದ ಪಕ್ಕ ಕೂತು, ತಾನೇ ತಲೆ ಬಗ್ಗಿಸಿ ಅವ್ವಿಯ ಕೈಯ ಹತ್ತಿರ ತಂದ.

“ಅವ್ವೀ, ಇಡು. ನನ್ ಸಲುವಾಗಿ ಇಡು. ನಾ ಮಳೆ ಕಳೆದ ಮ್ಯಾಲೆ ಬೋಟಿಗೆ ಹೋಗ್ಬೇಕು. ಅವ್ರೆಲ್ಲ ಇರ್ತ್ರು ಅಲ್ಲಿ. ನಂಗೆ ಎಂತ ಹೇಳಿ ಕರೀತ್ರು ಗೊತ್ತದೆ ನಿಂಗೆ. ಒಂದ್ಸಲ ಹೇಳು ಸಾಕು.”

ಚಂಪಿ ಕೈ ಎತ್ತಿದಳು. ಸೂಜಿ ಚುಚ್ಚಿದ್ದ ಕೈ. ಅವನ ಕೂದಲ ಮೇಲೆ ಇಟ್ಟಳು. ಅವಳು ಅವನ ಕೂದಲು ಬೆರಳಲ್ಲಿ ಹಿಂದಕ್ಕೆ ಸರಿಸಿದಳು, ಸಣ್ಣವನಿದ್ದಾಗ ಸರಿಸಿದ ಹಾಗೆ. ಆಣೆ ಹಾಕಲಿಲ್ಲ.

“ನಿನ್ ಸಲುವಾಗೇ ಹಾಕೂದಿಲ್ಲ ಮಗಾ. ನಾ ಹಾಕಿದ್ರೆ ನೀನೂ ನಿನ್ ಹೆಣ್ತಿ ಹತ್ರ ಹಾಕಿಸ್ತೆ.”

ಅವನು ತಲೆ ಹಿಂದಕ್ಕೆ ಎಳೆದುಕೊಂಡ.

ರಂಜನಾ ಕಾಗದವನ್ನು ಅವನ ಕಡೆ ಚಾಚಿದಳು. “ಗಂಡ ಹಾಕದೇ ಇದ್ರೆ ಮಗ ಹಾಕ್ಬಹುದು. ನೀವು ಹಾಕಿ. ತಡ ಆಗ್ತಾ ಇದೆ,” ಅಂದಳು. ಅವನು ಪೆನ್ನು ತೆಗೆದುಕೊಂಡ. ಹಿಡಿದು ನಿಂತ. ಅಪ್ಪ ಬಾಗಿಲ ಕಡೆ ಹೊರಟಿದ್ದ. ಅಜ್ಜಿ ಎದ್ದು ಸೀರೆಯ ನೆರಿಗೆ ಕೊಡವಿದಳು. ರೋಷನ ಪೆನ್ನನ್ನು ಮಂಚದ ಮೇಲೆ ಅವ್ವಿಯ ಕಾಲ ಹತ್ತಿರ ಇಟ್ಟ. ಮೆಲ್ಲಗೆ ಇಟ್ಟ. ಹೋದ.

“ಕೊಡಿಲ್ಲಿ,” ಅಂದಳು ಚಂಪಿ.

ಹೆಂಗಸರ ಸಂಘದ ಸಭೆಯಲ್ಲಿ ನಾವೆಲ್ಲ ಸಹಿ ಕಲಿತಿದ್ದೆವು, ನಾನು ಓದು ಬರಹವನ್ನೂ. ನಾನು ಅವಳ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದೆ. ಚಂಪಾ ಅಂತ ಬರೆದಳು. ‘ಪಾ’ ಗೆರೆ ಬಿಟ್ಟು ಕೆಳಗೆ ಇಳಿಯಿತು.

ಡಾಕ್ಟರು ಕಾಗದ ನೋಡಿ, “ಇದು ಆಗೋದಿಲ್ಲ,” ಅಂದರು. “ಗಂಡಂದು ಬೇಕು. ನಾಳೆ ಅವನು ಬಂದು ಗಲಾಟೆ ಮಾಡಿದ್ರೆ ಯಾರು ನೋಡ್ತಾರೆ?”

“ರಕ್ತ ಹಾಕೂದು ಅವ್ಳ ಮೈಗೆ. ಸಹಿ ಅವ್ಳದು ಬೇಡ್ವಾ?” ಅಂದೆ.

“ಹಾಗೇ ಇರೋದು ಇಲ್ಲಿ.”

ನಾವು ಅವರ ಬಾಗಿಲಲ್ಲಿ ಕೂತೆವು. ಕೂಗಲಿಲ್ಲ. ಕೂಗಲು ನಮಗೆ ತ್ರಾಣವೂ ಇರಲಿಲ್ಲ, ಬೆಳಿಗ್ಗೆಯಿಂದ ಆ ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ. ಸುಮ್ಮನೆ ಕಾಲು ಚಾಚಿ ಕೂತೆವು, ಮೀನುಪೇಟೆಯಲ್ಲಿ ಕೂರುವ ಹಾಗೆ. ಒಳಗಿದ್ದವರು ಹೊರಗೆ ಬರಬೇಕಾದರೆ ನಮ್ಮನ್ನು ದಾಟಬೇಕು.

“ಮೈ ಎಲ್ಲ ಮೀನಿನ ವಾಸನೆ,” ಅಂದ ಯಾವನೋ ಕಾಂಪೌಂಡರು.

“ಹೌದು ಮಗಾ. ಮೂಗು ಮುಚ್ಕೋ, ಸಹಿ ತಕೋ,” ಅಂದಳು ತಿಮ್ಮು.

ವಾಚಮನ್‌ನನ್ನು ಕರೆದರು. ಅವನು ನಮ್ಮ ಕಡಲ ಬದಿಯವನೇ. ಬಂದ, ನಮ್ಮನ್ನು ನೋಡಿದ, ಮಾಡಿನ ಸೋರಿಕೆ ನೋಡುತ್ತ ನಿಂತ. ಒಳಗಿನಿಂದ ಡಾಕ್ಟರು ಎರಡು ಸಲ ಬೈದರು. ಹೊತ್ತು ಹೋಯಿತು. ಒಳಗೆ ಆ ಬಾಟ್ಲಿ ಫ್ರಿಜ್ಜಿನಲ್ಲಿತ್ತು. ವಾರ್ಡಿನಲ್ಲಿ ತಿಮ್ಮುವಿನ ಸೀರೆಯೂ ಕೆಂಪಾಗಿತ್ತು. ಎರಡರ ನಡುವೆ ಒಂದು ಗೋಡೆ, ಗಂಡನ ಒಂದು ಸಹಿ.

ಕೊನೆಗೆ ರಂಜನಾ ಇನ್ನೊಂದು ಕಾಗದ ತಂದಳು. ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ, ಮನೆಯವರು ಯಾರೂ ಇಲ್ಲ, ತನ್ನ ಇಚ್ಛೆಯಿಂದಲೇ ಅಂತ ಬರೆದಿತ್ತು. ಮನೆಯವರು ಯಾರೂ ಇಲ್ಲ. ನಾನು ಓದಿ ಹೇಳಿದಾಗ ಚಂಪಿ ಆ ಮಾತನ್ನು ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಸಹಿ ಹಾಕಿದಳು. ಈ ಸಲ ಎರಡು ಅಕ್ಷರದ ಗೀಚು ಅಷ್ಟೇ.

ಸಂಜೆಯ ಹೊತ್ತಿಗೆ ರಕ್ತ ಹಾಕಿದರು. ಹನಿ ಹನಿಯಾಗಿ ಇಳಿಯತೊಡಗಿತು. ರಂಜನಾ ಮೊದಲ ಹದಿನೈದು ನಿಮಿಷ ಅಲ್ಲೇ ನಿಂತಳು. ಚಳಿ ಬರ್ತದಾ, ಸೊಂಟ ನೋಯ್ತದಾ, ಎದೆ ಬಿಗೀತದಾ ಅಂತ ಕೇಳುತ್ತಲೇ ಇದ್ದಳು. ಇಲ್ಲ, ಇಲ್ಲ ಅಂದಳು ಚಂಪಿ. ರಕ್ತ ಜಗಳವಾಡದೆ ಇಳಿಯಿತು.

ರಂಜನಾ ನನ್ನನ್ನು ಕಿಟಕಿಯ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: “ಇದು ಇವತ್ತು ಜೀವ ಹಿಡಿಯೋಕೆ ಅಷ್ಟೇ. ಆಪರೇಶನ್ನಿಗೆ ಇನ್ನೂ ಎರಡು ಬೇಕು.”

“ಬೊಮ್ಮಯ್ಯಂದು?”

“ಒಮ್ಮೆ ಕೊಟ್ಟವರು ಮೂರು ತಿಂಗಳು ಕೊಡೋ ಹಾಗಿಲ್ಲ. ಮಂಗಳೂರಿಗೆ ಸ್ಯಾಂಪಲ್ ಕಳಿಸ್ತಾರೆ. ಅಲ್ಲೂ ಸಿಗ್ತದೆ ಅಂತ ಹೇಳೋಕಾಗೋದಿಲ್ಲ. ಅಷ್ಟರ ತನಕ ರಕ್ತ ಹೋಗ್ತಾ ಇದ್ರೆ...” ಅವಳು ಚಂಪಿಯ ಮಂಚದ ಕಡೆ ನೋಡಿದಳು.

ಬೆಳಿಗ್ಗೆಯಿಂದ ಅಲ್ಲಿ ಎಷ್ಟು ಜನ ಇದ್ದೆವು. ಎಷ್ಟು ಜನರ ಮೈಯಲ್ಲಿ ರಕ್ತ ಓಡುತ್ತಿತ್ತು. ಅವಳಿಗೆ ಕೊಡಲು ಒಂದು ಹನಿ ನಮ್ಮಲ್ಲಿರಲಿಲ್ಲ.

“ರುಕ್ಮಕ್ಕಾ,” ಅಂತ ಕರೆದಳು ಚಂಪಿ. “ಅವ್ರೆಲ್ಲ ಹೋದ್ರಾ?”

“ನಿನ್ ಗಂಡ, ಅತ್ತೆ ಆಗ್ಲೇ ಹೋದ್ರು.”

“ರೋಷ?”

ನಾನು ಕಿಟಕಿಯಿಂದ ಕೆಳಗೆ ನೋಡಿದೆ. ಗೇಟಿನಾಚೆ ಬಾದಾಮಿ ಮರದ ಕೆಳಗೆ ಅವನು ನಿಂತಿದ್ದ. ಛತ್ರಿ ಇರಲಿಲ್ಲ. ಅಂಗಿ ಮೈಗಂಟಿತ್ತು. ಮುಖ ಮೇಲೆತ್ತಿ ಈ ಕಿಟಕಿಗಳ ಸಾಲನ್ನೇ ನೋಡುತ್ತಿದ್ದ. ಅವ್ವಿಯದು ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

“ಕೆಳಗೇ ಇದ್ದಾನೆ,” ಅಂದೆ.

“ಹೌದಾ?” ಅಂದಳು ಚಂಪಿ. “ಮಳೇಲಿ ನಿಲ್ಬೇಡ ಅಂತ ಹೇಳು.”

ನಾನು ಕೈ ಹೊರಗೆ ಹಾಕಿ ಬೀಸಿದೆ. ಅಷ್ಟರಲ್ಲಿ ಅಂಕೋಲೆಯ ಬಸ್ಸು ಬಂದು ಗೇಟಿನೆದುರು ನಿಂತಿತು. ಅವನು ಕೈಯಿಂದ ಮುಖದ ನೀರು ಒರೆಸಿಕೊಂಡ, ಬಸ್ಸಿನ ಸರಳು ಹಿಡಿದ, ಹತ್ತಿದ. ಬಸ್ಸು ಹೋದ ಮೇಲೂ ನಾನು ಆ ಕಿಟಕಿಯಿಂದ ಚಂಪಿಯ ಕಡೆ ತಿರುಗಲಿಲ್ಲ.